ಹುಳದ ಮನೆಯ ಐಕಿಡೊ

ಅಪ್ಪ ರೇಷ್ಮೆ ಬಿಟ್ಟು ಕೋಸು ಹಾಕಲು ಶುರು ಮಾಡಿದ ವರ್ಷ ನಮ್ಮ ಹುಳದ ಮನೆ ಖಾಲಿಯಾಯಿತು. ಹೊಸೂರಿನ ಅಂಚಿನಲ್ಲಿ, ಆಲಸನತ್ತಂ ದಾಟಿ ಸ್ವಲ್ಪ ಮುಂದೆ ಬಂದರೆ ನಮ್ಮ ಹೊಲ. ಹೊಲದ ಮೂಲೆಯಲ್ಲಿ ಹೆಂಚು ಹೊದಿಸಿದ ಆ ಉದ್ದನೆಯ ಕಟ್ಟಡದಲ್ಲಿ ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ರೇಷ್ಮೆ ಹುಳು ಸಾಕುತ್ತಿದ್ದರು. ಎಲೆ ಕೊಯ್ದು ತರಲು ಆಳು ಸಿಗುವುದು ಕಷ್ಟವಾದ ಮೇಲೆ ಅಪ್ಪ ತಟ್ಟೆಗಳನ್ನೂ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೂ ಕೇಳಿದವರಿಗೆ ಕೊಟ್ಟುಬಿಟ್ಟ. ಅಲ್ಲಿ ಉಳಿದದ್ದು ಸುಣ್ಣದ ವಾಸನೆ, ಹಿಪ್ಪುನೇರಳೆ ಸೊಪ್ಪಿನ ಹಳೆಯ ವಾಸನೆ, ಮತ್ತು ಒಂದು ಬಗೆಯ ನಿಶ್ಶಬ್ದ. ಹುಳುಗಳು ಎಲೆ ಮೇಯುವಾಗ ಸಣ್ಣ ಮಳೆ ಹನಿದಂತೆ ಸದ್ದು ಬರುತ್ತಿತ್ತು. ಅದನ್ನು ಕೇಳಿ ಬೆಳೆದ ನಮಗೆ ಆ ಖಾಲಿ ಮನೆಯೊಳಗೆ ಕಾಲಿಡಲು ಮನಸ್ಸೇ ಬರುತ್ತಿರಲಿಲ್ಲ.

ಆ ಮನೆಯನ್ನು ಕೇಳಿಕೊಂಡು ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಒಬ್ಬರು ಬಂದರು. ಐವತ್ತೆಂಟು ದಾಟಿದ, ತೆಳ್ಳಗಿನ, ಬೆನ್ನು ನೆಟ್ಟಗಿರುವ ಮನುಷ್ಯ. ವಾಹನ ಮಾಡುವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ಆಗ ತಾನೇ ನಿವೃತ್ತರಾಗಿದ್ದರು. ಮನೆಮಾತು ತಮಿಳು. ನಮ್ಮ ಜೊತೆ ಮಾತಾಡುವಾಗ ಕನ್ನಡಕ್ಕೆ ತಮಿಳನ್ನು ಬೆರೆಸಿ ಹೇಗೋ ನಡೆಸುತ್ತಿದ್ದರು.

"ಜಾಗ ಯಾತಕ್ಕೆ ಸಾರ್?" ಎಂದು ಅಪ್ಪ ಕೇಳಿದ.

"ಬೀಳಕ್ಕೆ."

"ಬೀಳಕ್ಕಾ?"

"ಆಮಾ. ಮೊದ್ಲು ಬೀಳಕ್ಕೆ ಕಲಿಸ್ಬೇಕು. ಆಮೇಲೆ ಬೀಳಿಸಕ್ಕೆ."

ಅಪ್ಪನಿಗೆ ಒಂದು ಗಳಿಗೆ ಅವರ ತಲೆ ಸರಿಯಿದೆಯೋ ಇಲ್ಲವೋ ಅನ್ನಿಸಿರಬೇಕು. ಆದರೆ ಅವರು ನಿಂತಿದ್ದ ರೀತಿ ನೋಡಿ ನಂಬಿಕೆ ಬಂತಂತೆ. "ಹುಳ ಇಲ್ದೆ ಮನೆ ಬಿಕೋ ಅಂತದೆ. ಯಾರಾದ್ರೂ ಓಡಾಡ್ಕೊಂಡಿರ್ಲಿ ಬುಡು," ಎಂದು ಅಮ್ಮನಿಗೆ ಹೇಳಿ ಅವರಿಗೆ ಬೀಗದ ಕೈ ಕೊಟ್ಟ. ಅವರನ್ನು ಎಲ್ಲರೂ ಮಾಸ್ಟ್ರು ಅನ್ನತೊಡಗಿದೆವು.

ಮುಂದಿನ ವಾರವೆಲ್ಲ ನೆಲ ಮಾಡುವ ಕೆಲಸ. ಗಿರಣಿಯಿಂದ ಭತ್ತದ ಹೊಟ್ಟು ತಂದು ಗೇಣು ದಪ್ಪ ಹರಡಿದರು. ಮೇಲೆ ಗೋಣಿಚೀಲಗಳನ್ನು ಬಿಡಿಸಿ ಹಾಸಿದರು. ಜೂಜುವಾಡಿಯ ಲಾರಿಯವರಿಂದ ಒಂದು ಹಳೆಯ ಟಾರ್ಪಾಲು ತಂದು ಅದರ ಮೇಲೆ ಎಳೆದು, ನಾಲ್ಕೂ ಕಡೆ ಗೂಟ ಹೊಡೆದು ಹಗ್ಗ ಬಿಗಿದರು. ತುಳಿದರೆ ಕಾಲು ಸ್ವಲ್ಪ ಒಳಗೆ ಹೋಗಿ ಮೇಲೆ ಬರುತ್ತಿತ್ತು. ಜಪಾನಿನಲ್ಲಿ ಇದಕ್ಕೆ ಹುಲ್ಲಿನ ಚಾಪೆ ಇರುತ್ತದೆ, ನಮ್ಮದು ಅದಕ್ಕಿಂತ ಮೆತ್ತಗಿದೆ ಎಂದು ಮಾಸ್ಟ್ರು ಹೆಮ್ಮೆಯಿಂದ ಹೇಳಿದರು.

ಕಾರ್ಖಾನೆಯವರು ಹಿಂದೆ ಯಾವುದೋ ಯಂತ್ರದ ಕೆಲಸ ಕಲಿಯಲು ಅವರನ್ನು ಎಂಟು ತಿಂಗಳು ಜಪಾನಿಗೆ ಕಳಿಸಿದ್ದರು. ಅಲ್ಲಿ ಭಾಷೆ ಬಾರದೆ, ಸಾಯಂಕಾಲ ಹೊತ್ತು ಹೋಗದೆ, ಹಾಸ್ಟೆಲ್ಲಿನ ಪಕ್ಕದ ವ್ಯಾಯಾಮ ಶಾಲೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರಂತೆ. ನಾಲ್ಕನೆಯ ದಿನ ಯಾರೋ ಕೈ ಹಿಡಿದು ಒಳಗೆ ಕರೆದುಕೊಂಡರು. ಅವರು ಕಲಿತದ್ದು ಎದುರಾಳಿಯ ಕೈ ತಿರುಗಿಸಿ ಬೀಳಿಸುವ ಐಕಿಡೊ, ಅದರಲ್ಲೂ ಪಂದ್ಯ ಇರುವ ಐಕಿಡೊ. ಊರಿಗೆ ಬಂದ ಮೇಲೂ ಬಿಡದೆ, ವರ್ಷಕ್ಕೊಮ್ಮೆ ಬೆಂಗಳೂರಿಗೂ ಸೇಲಂಗೂ ಹೋಗಿ ಬಲ್ಲವರ ಜೊತೆ ಅಭ್ಯಾಸ ಮಾಡಿಕೊಂಡು ಬಂದಿದ್ದರು.

ಆಗ ನನಗೆ ಇಪ್ಪತ್ತನಾಲ್ಕು. ಕೈಗಡಿಯಾರ ಮಾಡುವ ಕಡೆ ಕೆಲಸ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಮುಳ್ಳು ಹಿಡಿದು, ಗಂಟೆಯದರ ಮೇಲೆ ನಿಮಿಷದ್ದು, ಅದರ ಮೇಲೆ ಸೆಕೆಂಡಿನದು ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಮುಳ್ಳು ಹಾರಿಹೋಗುತ್ತಿತ್ತು. ಶಿಫ್ಟು ಮುಗಿಸಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ಕುತ್ತಿಗೆ ಕಲ್ಲಾಗಿರುತ್ತಿತ್ತು. ಹೊಲದ ದಾರಿಯಲ್ಲಿ ಬರುವಾಗ ಹುಳದ ಮನೆಯಿಂದ ದಪ್ ದಪ್ ಎಂದು ಸದ್ದು ಕೇಳುತ್ತಿತ್ತು. ಕಿಟಕಿಯಲ್ಲಿ ಇಣುಕಿದರೆ ಏಳೆಂಟು ಜನ ಕಾರ್ಖಾನೆಯ ಹುಡುಗರು ಉರುಳುತ್ತಿದ್ದರು, ಏಳುತ್ತಿದ್ದರು, ಮತ್ತೆ ಉರುಳುತ್ತಿದ್ದರು. ದಿನವೆಲ್ಲ ಬೆರಳ ತುದಿ ಮಾತ್ರ ಅಲ್ಲಾಡಿಸುತ್ತಿದ್ದ ನನಗೆ, ಮೈಯನ್ನೆಲ್ಲ ಹಾಗೆ ಎಸೆಯಬಹುದು ಅನ್ನುವುದೇ ಆಸೆ ಹುಟ್ಟಿಸಿತು.

ಅಮ್ಮನನ್ನು ಕೇಳಿದೆ.

"ಗಂಡುಡುಗ್ರ ಮಧ್ಯೆ ನೀನೊಬ್ಳೇ ಹೋಗಿ ಉಳ್ಳಾಡ್ತೀಯಾ?" ಅಂದಳು ಅಮ್ಮ. ಆಮೇಲೆ ಸ್ವಲ್ಪ ಯೋಚಿಸಿ, "ಹೋಗೋದಾದ್ರೆ ಅತ್ತಿಗೇನೂ ಕರ್ಕೊಂಡೋಗು. ಅವ್ಳು ಪಕ್ಕದಾಗೆ ಕೂತಿರ್ಲಿ," ಎಂದಳು.

ಅತ್ತಿಗೆ ನಮ್ಮ ಮನೆಗೆ ಬಂದು ಆಗ ಒಂದು ವರ್ಷವಾಗಿತ್ತು. ಅಣ್ಣ ಲಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವಳು ಕೃಷ್ಣಗಿರಿ ಕಡೆಯ ಹಳ್ಳಿಯವಳು, ನನಗಿಂತ ಎರಡು ವರ್ಷ ದೊಡ್ಡವಳು. ನಾನು ಅವಳನ್ನು ನೀವು ಅನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹಾಗೆ ಅನ್ನುತ್ತಿರಲಿಲ್ಲ. ಅದು ಗೌರವ ಎಂದು ಎಲ್ಲರೂ ತಿಳಿದಿದ್ದರು. ನಿಜ ಹೇಳಬೇಕೆಂದರೆ ಅದು ದೂರ ಇಡುವ ಉಪಾಯ. ಏನು ಕೇಳಿದರೂ ಅವಳ ಬಾಯಲ್ಲಿ "ಪರವಾಗಿಲ್ಲ" ಒಂದೇ. ತಾನು ಸ್ನಾನಕ್ಕಿಟ್ಟಿದ್ದ ಬಿಸಿನೀರನ್ನು ನಾನು ಸುರಿದುಕೊಂಡರೂ ಪರವಾಗಿಲ್ಲ. ಊಟಕ್ಕೆ ನಾನು ತಡವಾಗಿ ಬಂದು ಸಾರು ಎರಡು ಸಲ ಬಿಸಿ ಮಾಡಬೇಕಾದರೂ ಪರವಾಗಿಲ್ಲ. ತವರಿನಿಂದ ಅವಳು ಒಂದು ಹೊಲಿಗೆ ಮಿಷನ್ ತಂದಿದ್ದಳು. ಅದನ್ನು ನಡುಮನೆಯಲ್ಲಿ ಇಟ್ಟಿದ್ದರು. ಕೆಲಸದಿಂದ ಬಂದವಳೇ ನಾನು ನನ್ನ ಚೀಲವನ್ನು ಅದರ ಮೇಲೆ ಹಾಕುತ್ತಿದ್ದೆ. ಅವಳು ಏನೂ ಹೇಳದೆ ಅದನ್ನೆತ್ತಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಮಾರನೆಯ ದಿನ ನಾನು ಮತ್ತೆ ಅಲ್ಲೇ ಹಾಕುತ್ತಿದ್ದೆ. ಒಂದು ವರ್ಷ ಹೀಗೇ ನಡೆದಿತ್ತು.

ಮೊದಲ ಎರಡು ದಿನ ಅತ್ತಿಗೆ ಗೋಡೆಗೆ ಒರಗಿ ಕೂತು ನೋಡಿದಳು. ಮೂರನೆಯ ದಿನ ಮಾಸ್ಟ್ರು ಅವಳ ಮುಂದೆ ಹೋಗಿ ನಿಂತರು.

"ನೀನು ಯಾಕಮ್ಮಾ ಸುಮ್ನೆ ಕೂತಿದೀಯ?"

"ಪರವಾಗಿಲ್ಲ ಸಾರ್."

"ಏನ್ ಪರವಾಗಿಲ್ಲ? ಎದ್ದೇಳು."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಮರುದಿನದಿಂದ ಇಬ್ಬರೂ ಚೂಡಿದಾರದ ಪೈಜಾಮದ ಮೇಲೆ ಅಣ್ಣನ ಹಳೆಯ ಯೂನಿಫಾರ್ಮ್ ಅಂಗಿ ತೊಟ್ಟು ಹೋಗತೊಡಗಿದೆವು.

ಒಂದೂವರೆ ತಿಂಗಳು ಬರೀ ಬೀಳುವುದನ್ನೇ ಕಲಿಸಿದರು. ಗದ್ದವನ್ನು ಎದೆಗೆ ಸೇರಿಸಬೇಕು. ಕೈ ಊರಬಾರದು, ಊರಿದರೆ ಮಣಿಕಟ್ಟು ಮುರಿಯುತ್ತದೆ. ಬೆನ್ನನ್ನು ಮಡಕೆಯ ಹಾಗೆ ಗುಂಡಗೆ ಮಾಡಿ, ತೋಳಿನಿಂದ ಟಾರ್ಪಾಲನ್ನು ಬಡಿದು, ಬಿದ್ದ ಏಟನ್ನೆಲ್ಲ ನೆಲಕ್ಕೆ ಕೊಟ್ಟುಬಿಡಬೇಕು. ಮೊದಮೊದಲು ಬೀಳುವ ಮುಂಚೆಯೇ ನನ್ನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಒಂದು ಸಂಜೆ ಇದ್ದಕ್ಕಿದ್ದಂತೆ ಕಣ್ಣು ತೆರೆದೇ ಇತ್ತು. ಹೆಂಚಿನ ಮಾಡು ತಿರುಗಿ ಹೋಗಿ, ಟಾರ್ಪಾಲು ಬಂದು, ನಾನು ಎದ್ದು ನಿಂತಿದ್ದೆ. ಅಂದಿನ ಖುಷಿಯನ್ನು ಈಗಲೂ ಮರೆತಿಲ್ಲ. ಆ ಹೊತ್ತಿಗೆ ಕುತ್ತಿಗೆ ನೋವು ಎಲ್ಲಿ ಹೋಯಿತೆಂದು ನನಗೇ ಗೊತ್ತಾಗಿರಲಿಲ್ಲ.

ಅಭ್ಯಾಸ ಮುಗಿದ ಮೇಲೆ ಅಮ್ಮ ಚಹಾ ಕಳಿಸುತ್ತಿದ್ದಳು. ಎಲ್ಲರೂ ಹುಳದ ಮನೆಯ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದೆವು. ಎದುರಿಗೆ ಕೋಸಿನ ಹೊಲ, ಅದರಾಚೆ ಕಾರ್ಖಾನೆಗಳ ಶೆಡ್ಡುಗಳ ಸಾಲು. ಈ ವಿದ್ಯೆ ಎಲ್ಲಿಂದ ಬಂತು ಎಂದು ಮಾಸ್ಟ್ರು ಹೇಳಿದ್ದು ಅಲ್ಲಿಯೇ.

ಜಪಾನಿನಲ್ಲಿ ಇಬ್ಬರು ದೊಡ್ಡ ಗುರುಗಳಿದ್ದರಂತೆ. ಒಬ್ಬರು ಹಳೆಯ ಕಾಲದ ಕುಸ್ತಿ ಪಟ್ಟುಗಳನ್ನು ಸೋಸಿ ಜೂಡೊ ಕಟ್ಟಿದವರು. ಅದಕ್ಕೆ ಪಂದ್ಯವಿತ್ತು. ಇನ್ನೊಬ್ಬರು ಐಕಿಡೊ ಕಟ್ಟಿದವರು. ಪಂದ್ಯ ಬಂದರೆ ಗೆಲ್ಲುವ ಹುಚ್ಚು ಬರುತ್ತದೆ, ಮನಸ್ಸು ಕೆಡುತ್ತದೆ ಎಂದು ಅವರು ಅದನ್ನು ಬೇಡವೆಂದರು. ಈ ಇಬ್ಬರ ಹತ್ತಿರವೂ ಕಲಿತ ಶಿಷ್ಯರೊಬ್ಬರಿದ್ದರು, ಕಾಲೇಜಿನಲ್ಲಿ ಪಾಠ ಹೇಳುವವರು. ದೊಡ್ಡ ಯುದ್ಧ ಮುಗಿದಾಗ ಅವರು ಸೆರೆ ಸಿಕ್ಕು ಬೇರೆ ದೇಶದ ಚಳಿಯಲ್ಲಿ ಕೆಲವು ವರ್ಷ ಕಳೆಯಬೇಕಾಯಿತು. ಅಲ್ಲಿ ಜೊತೆಗೆ ಯಾರೂ ಇಲ್ಲದೆ, ಒಬ್ಬರೇ ನಿಂತು ಮಾಡಬಹುದಾದ ಕಾಲುಚಲನೆ ಕೈಚಲನೆಗಳನ್ನು ಜೋಡಿಸಿಕೊಂಡರಂತೆ. ನಾವು ದಿನವೂ ಶುರುವಿನಲ್ಲಿ ಮಾಡುತ್ತಿದ್ದುದು ಅದನ್ನೇ. ಊರಿಗೆ ಮರಳಿ ಮತ್ತೆ ಹುಡುಗರಿಗೆ ಕಲಿಸುವಾಗ ಅವರಿಗೊಂದು ಅನುಮಾನ ಬಂತು.

"ನಾನು ಕೈ ತಿರುಗಿಸ್ತೀನಿ, ನೀನು ಬೀಳ್ತೀಯ," ಮಾಸ್ಟ್ರು ಒಬ್ಬ ಹುಡುಗನ ಮಣಿಕಟ್ಟು ಹಿಡಿದು ತೋರಿಸಿದರು. "ನೀನು ಬಿದ್ದದ್ದು ನನ್ನ ಕೈಯಿಂದಾನಾ, ಇಲ್ಲ ಮರ್ಯಾದೆಗಾ? ಯಾರಿಗೆ ಗೊತ್ತು? ಅದಕ್ಕೆ ಪಂದ್ಯ ಬೇಕು ಅಂದ್ರು ಅವರು. ಗೆಲ್ಲಕ್ಕೆ ಅಲ್ಲ. ನಿಜ ಯಾವುದು, ಪೊಯ್ ಯಾವುದು ಅಂತ ತಿಳಿಯಕ್ಕೆ."

ಪೊಯ್ ಅಂದರೆ ತಮಿಳಿನಲ್ಲಿ ಸುಳ್ಳು. ಆ ಮಾತು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಆ ಕಾಲೇಜಿನವರು ಮೊದಲು ಪಂದ್ಯಕ್ಕೆ ಇಬ್ಬರು ಹುಡುಗರನ್ನೂ ಬರಿಗೈಯಲ್ಲಿ ಬಿಟ್ಟು ನೋಡಿದರಂತೆ. ಒಬ್ಬರನ್ನೊಬ್ಬರು ಹಿಡಿದುಕೊಂಡು ತಳ್ಳಾಡುವುದೇ ಆಯಿತು. ಆಗ ಒಬ್ಬರ ಕೈಗೆ ಮೆತ್ತನೆಯ ಚೂರಿ ಕೊಟ್ಟರು. ಚೂರಿ ಬಂದ ಮೇಲೆ ಹತ್ತಿರ ಹೋಗಲು ಹೆದರಿಕೆ, ದೂರ ಎಷ್ಟಿರಬೇಕೆಂಬ ಎಚ್ಚರ, ಎಲ್ಲ ತಾನಾಗಿ ಬಂತು. ಐಕಿಡೊ ಗುರುವಿನ ಹಳೆಯ ಶಿಷ್ಯರು ಕೆಲವರು, ಗುರುವಿನ ಮಾತು ಮೀರಿದರು ಎಂದು ಅವರ ಮೇಲೆ ಸಿಟ್ಟಾದರಂತೆ. ಮಾಸ್ಟ್ರು ಅದನ್ನು ಹೇಳಿ ಚಹಾ ಲೋಟ ತೊಳೆಯಲು ಎದ್ದರು. ಅವರು ತಮ್ಮ ಲೋಟವನ್ನು ಯಾರಿಗೂ ತೊಳೆಯಲು ಬಿಡುತ್ತಿರಲಿಲ್ಲ.

ಚೂರಿಗಳನ್ನು ಹೊಲಿದವಳು ಅತ್ತಿಗೆ. ಸ್ಪಂಜನ್ನು ಉದ್ದಕ್ಕೆ ಕತ್ತರಿಸಿ, ಮೇಲೆ ಬಿಳಿ ಬಟ್ಟೆ ಹಾಕಿ, ತನ್ನ ಮಿಷನ್ನಿನಲ್ಲಿ ಎರಡೆರಡು ಸಲ ಹೊಲಿಗೆ ಓಡಿಸಿ ಆರು ಚೂರಿ ಮಾಡಿ ತಂದಳು. ನಿಯಮ ಸುಲಭ. ಚೂರಿ ಹಿಡಿದವರು ಎದುರಿನವರ ಎದೆಗೋ ಪಕ್ಕೆಗೋ ನೇರವಾಗಿ ತಿವಿದರೆ ಅವರಿಗೆ ಅಂಕ. ಬರಿಗೈಯವರು ತಪ್ಪಿಸಿಕೊಂಡು, ತೋಳನ್ನೋ ಮಣಿಕಟ್ಟನ್ನೋ ಹಿಡಿದು ಬೀಳಿಸಿದರೆ ಅವರಿಗೆ ಅಂಕ. ಒಂದೂವರೆ ನಿಮಿಷವಾದ ಮೇಲೆ ಚೂರಿ ಇನ್ನೊಬ್ಬರ ಕೈಗೆ.

ಅತ್ತಿಗೆಯನ್ನೂ ನನ್ನನ್ನೂ ಜೋಡಿ ಮಾಡಿದರು. ಚೂರಿ ಮೊದಲು ನನ್ನ ಕೈಗೆ ಬಂತು. ನಾನು ತಿವಿದೆ. ಅಂದರೆ, ಕೈ ಚಾಚಿದೆ. ಅವಳ ಅಂಗಿಗೆ ನಾಲ್ಕು ಬೆರಳು ದೂರದಲ್ಲಿ ಕೈ ತಾನಾಗಿ ನಿಂತುಕೊಂಡಿತು. ಅವಳೂ ಸುಮ್ಮನೆ ಪಕ್ಕಕ್ಕೆ ಸರಿದಳು. ಮತ್ತೆ ಹಾಗೇ. ನಾಲ್ಕನೆಯ ಸಲಕ್ಕೆ ಮಾಸ್ಟ್ರು ಸೀಟಿ ಊದಿದರು.

"ಪೊಯ್!" ಎಂದರು. "ನೀನು ಅವಳಿಗೆ ಸುಳ್ಳು ಹೇಳ್ತಾ ಇದೀಯ. ನಿಜವಾಗಿ ಕುತ್ತಲಿಲ್ಲಾಂದ್ರೆ ಅವಳು ತಪ್ಪಿಸ್ಕೊಳ್ಳೋದು ಹೇಗೆ ಕಲೀತಾಳೆ? ಅತ್ತಿಗೆ ಮೇಲೆ ಪ್ರೀತಿ ಇದ್ರೆ ಕುತ್ತಮ್ಮಾ!"

ಕುತ್ತು ಅಂದರೆ ತಿವಿ. ಕಾರ್ಖಾನೆಯ ಹುಡುಗರೆಲ್ಲ ನಕ್ಕರು. ನನಗೆ ಅಳು ಬಂತು. ಪ್ರೀತಿ ಇದೆಯೋ ಇಲ್ಲವೋ ಎಂದು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.

ಚೂರಿ ಅತ್ತಿಗೆಯ ಕೈಗೆ ಹೋಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ನನ್ನ ಮುಖವನ್ನು ನೋಡಿದಳು, ಮರುಕ್ಷಣ ನನ್ನ ಎಡ ಪಕ್ಕೆಗೆ ಸ್ಪಂಜು ಬಂದು ಬಡಿದ ಸದ್ದು ಮನೆಯೆಲ್ಲ ಕೇಳಿತು. ನನ್ನ ಉಸಿರು ಕಟ್ಟಿತು.

"ಇದು ಮಿಷನ್ ಮೇಲೆ ಚೀಲ ಇಟ್ಟಿದ್ದಕ್ಕೆ," ಎಂದಳು ಅತ್ತಿಗೆ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ.

ಆಮೇಲೆ ಅವಳಿಗೆ ನಗು ಬಂತು. ನನಗೂ ಬಂತು. ನಗು ನಿಲ್ಲಿಸಲಾಗದೆ ಇಬ್ಬರೂ ಟಾರ್ಪಾಲಿನ ಮೇಲೆ ಕುಸಿದು ಕೂತೆವು. ಮಾಸ್ಟ್ರು ಏನೂ ಅರ್ಥವಾಗದೆ ಸೀಟಿ ಬಾಯಲ್ಲಿಟ್ಟುಕೊಂಡೇ ನೋಡುತ್ತಿದ್ದರು. ಆ ಸಂಜೆ ಮನೆಗೆ ಹೋಗುವಾಗ ನಾನು, "ನೀರು ಸುರ್ಕೊಂಡಿದ್ದಕ್ಕೂ ಸಿಟ್ಟಿತ್ತಾ?" ಎಂದು ಕೇಳಿದೆ. "ಇರ್ದೇ ಇರ್ತದಾ? ಚಳಿಗಾಲ ಅದು!" ಅಂದಳು. ನೀವು ಅನ್ನುವುದು ಯಾವ ದಿನ ಬಿಟ್ಟುಹೋಯಿತೋ ಗೊತ್ತಿಲ್ಲ. ಆ ವಾರದಲ್ಲೇ ಇರಬೇಕು.

ಅವಳು ನನಗಿಂತ ಬಹಳ ಚೆನ್ನಾಗಿ ಕಲಿತಳು. ಮದುವೆಗೆ ಮುಂಚೆ ತವರಿನಲ್ಲಿ ಹೋರಿಗಳನ್ನು ಹಿಡಿದು ಕಟ್ಟುತ್ತಿದ್ದವಳು ಅವಳೇ. "ಕೊಂಬು ನೋಡ್ಬಾರ್ದು ಕಣೆ, ಹೆಗಲು ನೋಡ್ಬೇಕು. ಹೋರಿ ನುಗ್ಗೋಕೆ ಮುಂಚೆ ಹೆಗಲು ಅಲ್ಲಾಡ್ತದೆ," ಎಂದು ನನಗೆ ಹೇಳಿಕೊಟ್ಟಳು. ಚೂರಿಯನ್ನು ನೋಡದೆ ನನ್ನ ಹೆಗಲನ್ನು ನೋಡುತ್ತಾ ನಿಲ್ಲುತ್ತಿದ್ದಳು. ನಾನು ನುಗ್ಗುವ ಹೊತ್ತಿಗೆ ಅವಳು ಅಲ್ಲಿರುತ್ತಿರಲಿಲ್ಲ. ನನ್ನ ತೋಳು ಅವಳ ಕೈಯಲ್ಲಿ, ನಾನು ನೆಲದ ಮೇಲೆ. ಜಪಾನಿನಲ್ಲಿ ಎಂಟು ತಿಂಗಳಲ್ಲೂ ತಾವು ಕಲಿಯದ್ದನ್ನು ಹೋರಿ ಇವಳಿಗೆ ಕಲಿಸಿದೆ ಎಂದು ಮಾಸ್ಟ್ರು ಅಪ್ಪನ ಹತ್ತಿರ ಹೇಳಿದರು.

ಎರಡು ವರ್ಷದ ಮೇಲೆ ಕೃಷ್ಣಗಿರಿಯಲ್ಲಿ ಒಂದು ಸಣ್ಣ ಪಂದ್ಯ ಏರ್ಪಾಡಾಯಿತು. ಮದುವೆ ಮಂಟಪವೊಂದರ ಊಟದ ಹಾಲಿನಲ್ಲಿ ಮ್ಯಾಟು ಹಾಸಿದ್ದರು. ಬೆಂಗಳೂರಿನಿಂದ, ಸೇಲಂನಿಂದ ಹೆಂಗಸರು ಬಂದಿದ್ದರು; ಎಲ್ಲರಿಗೂ ಬಿಳಿ ಉಡುಪು. ನಮಗೂ ಅತ್ತಿಗೆ ದಪ್ಪನೆಯ ಬಿಳಿ ಕಾಡಾ ಬಟ್ಟೆಯಲ್ಲಿ ಹೊಲಿದಿದ್ದಳು. ಹೊರಡುವ ಮುಂಚೆ ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅವ್ಳಿಗೇನಾದ್ರೂ ಆದ್ರೆ ಅವ್ರ ಮನೆಯೋರ್ಗೆ ನಾನೇನಂತ ಹೇಳ್ಲಿ? ನೋಡ್ಕೋ," ಎಂದಿದ್ದಳು.

ಮೊದಲ ಎರಡು ಪಂದ್ಯ ನಾವಿಬ್ಬರೂ ಗೆದ್ದೆವು. ಮೂರನೆಯದಕ್ಕೆ ಹೆಸರು ಕೂಗಿದಾಗ ಎದುರುಬದುರು ನಿಂತವರು ನಾವೇ.

ಅತ್ತಿಗೆಯ ಅಪ್ಪ ಹಳ್ಳಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಒಗೆದು ಮಡಿಸಿದ ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಮಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಚೂರಿ ನನ್ನ ಕೈಯಲ್ಲಿತ್ತು. ನನಗೆ ಅವರ ಮುಖ ಕಂಡಿತು, ಅಮ್ಮನ ಮಾತು ನೆನಪಾಯಿತು, ಕೈ ಹಳೆಯ ಹಾಗೆ ನಾಲ್ಕು ಬೆರಳು ದೂರದಲ್ಲಿ ನಿಂತಿತು. ನಿಲ್ಲಿಸಿದ್ದು ನಾನೇ. ಎರಡನೆಯ ಸಲವೂ ನಿಲ್ಲಿಸಿದೆ. ಚೂರಿ ಬದಲಾದ ಮೇಲೆ ಅವಳು ಹಾಕಿದ ಏಟನ್ನು ತಪ್ಪಿಸಿಕೊಳ್ಳಬಹುದಿತ್ತು, ಮೈ ಕೊಟ್ಟೆ. ತೀರ್ಪುಗಾರರು ಅವಳ ಕೈ ಎತ್ತಿದರು. ಅವಳ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಫೈನಲ್ಲಿನಲ್ಲಿ ಅತ್ತಿಗೆ ಸೇಲಂನವಳ ಎದುರು ಸೋತಳು. ಅತ್ತಿಗೆಯ ಹೆಜ್ಜೆಗಳೇ ಸರಿಯಾಗಿ ಬೀಳುತ್ತಿರಲಿಲ್ಲ. ಎರಡನೆಯ ಬಹುಮಾನವೆಂದು ಒಂದು ಸ್ಟೀಲ್ ಡಬ್ಬಿ ಕೊಟ್ಟರು. ವಾಪಸು ಬರುವ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರದೆ ಮುಂದಿನ ಸೀಟಿಗೆ ಹೋದಳು. ಶೂಲಗಿರಿ ದಾಟಿದ ಮೇಲೆ ನಾನೇ ಎದ್ದು ಹೋಗಿ ಕೂತೆ.

"ಯಾಕೆ?" ಎಂದೆ.

"ನಮ್ಮಪ್ಪನ ಮುಂದೆ ನನ್ನ ಸುಳ್ಳುಗಾತಿ ಮಾಡ್ಬುಟ್ಟೆ," ಎಂದಳು ಅತ್ತಿಗೆ. ಕಣ್ಣು ಕಿಟಕಿಯ ಕಡೆಗಿತ್ತು. "ಅವ್ರು ಊರಿಗೋಗಿ ಎಲ್ಲಾರ್ಗೂ ಹೇಳ್ತಾರೆ, ನನ್ ಮಗ್ಳು ಗೆದ್ಲು ಅಂತ. ನಾನೆಲ್ಲಿ ಗೆದ್ದೆ? ನೀನು ಕೊಟ್ಟೆ. ನಾನೇನು ಬೇಡಿದ್ನಾ?"



ಹನ್ನೊಂದು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಅಂದರೆ, ಪರವಾಗಿಲ್ಲ ಅನ್ನುವ ಕಾಲಕ್ಕೆ ವಾಪಸು ಹೋದಳು. ಊಟ ಬಡಿಸುತ್ತಿದ್ದಳು, ಬಿಸಿನೀರು ಬಿಟ್ಟುಕೊಡುತ್ತಿದ್ದಳು. ಅದೇ ನನಗೆ ಹೆಚ್ಚು ನೋವಾದದ್ದು. ಕೆಲಸದಲ್ಲಿ ಮುಳ್ಳುಗಳು ಹಾರಿಹೋಗುತ್ತಿದ್ದವು. ಹನ್ನೊಂದನೆಯ ದಿನ, ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಹೋಗಿ ನಿಂತೆ.

"ತಪ್ಪಾಯ್ತು ಅತ್ತಿಗೆ."

"ತಪ್ಪಾಯ್ತು ಅನ್ನೋದು ಬ್ಯಾಡ. ಭಾನುವಾರ ಹುಳದ ಮನೆಗೆ ಬಾ. ಚೂರಿ ತಗೊಂಡ್ ಬಾ."

ಭಾನುವಾರ ಬೆಳಿಗ್ಗೆ ಹುಡುಗರು ಯಾರೂ ಇರಲಿಲ್ಲ. ಮಾಸ್ಟ್ರು ಸೀಟಿ, ಕೈಗಡಿಯಾರ ಹಿಡಿದು ನಿಂತಿದ್ದರು; ಅವಳೇ ಹೇಳಿ ಕರೆಸಿದ್ದಳು. ಅಪ್ಪನೂ ಬಂದು ಕೋಸಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. ಸೀಟಿ ಆಯಿತು. ನಾನು ಅವಳ ಹೆಗಲನ್ನು ನೋಡಿದೆ. ಎರಡು ವರ್ಷ ಕಲಿತದ್ದೆಲ್ಲ ಕೈಗೆ ಬರಲಿ ಎಂದುಕೊಂಡು ನುಗ್ಗಿದೆ. ಅವಳು ಸರಿದಳು. ಮತ್ತೆ ನುಗ್ಗಿದೆ. ಈ ಸಲ ಸ್ಪಂಜು ಅವಳ ಎದೆಯ ಮಧ್ಯಕ್ಕೆ ನೆಟ್ಟಗೆ ಬಡಿಯಿತು. ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಅವಳ ಮುಖ ಅರಳಿದ್ದು ನನಗೆ ಕಾಣಿಸಿತು. ಮರುಕ್ಷಣ ನನ್ನ ತೋಳು ಅವಳ ಕೈಗೆ ಸಿಕ್ಕಿ, ಹೆಂಚಿನ ಮಾಡು ತಿರುಗಿ, ನಾನು ಅಪ್ಪನ ಕಾಲ ಹತ್ತಿರ ಬಿದ್ದಿದ್ದೆ. "ಅಯ್ಯಯ್ಯೋ, ನಿಧಾನ ಕಣ್ರಮ್ಮಿ!" ಎಂದು ಅಪ್ಪ ಕಾಲು ಎಳೆದುಕೊಂಡ.

ಚೂರಿ ಬದಲಾಯಿತು. ಕೊನೆಗೆ ಲೆಕ್ಕ ಹಾಕಿದರೆ ನಾನು ಒಂದು ಅಂಕದಿಂದ ಗೆದ್ದಿದ್ದೆ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ನಿಂತಳು.

"ಈಗ ಸರಿ," ಎಂದಳು. "ಇನ್ನೊಂದ್ಸಲ."

ಇನ್ನೊಂದು ಸಲ ಅವಳು ಗೆದ್ದಳು. ಮೂರನೆಯ ಸಲ ಎಣಿಸುವುದನ್ನು ಬಿಟ್ಟು ಮಾಸ್ಟ್ರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಅಪ್ಪನನ್ನು ಎಬ್ಬಿಸಿಕೊಂಡು ಚಹಾ ಕುಡಿಯಲು ಮನೆಯ ಕಡೆ ಹೊರಟೇಬಿಟ್ಟರು. ಮುಂದಿನ ತಿಂಗಳು ಅತ್ತಿಗೆ ತವರಿಗೆ ಹೋದಾಗ ತಾನೇ ತನ್ನ ಅಪ್ಪನಿಗೆ ನಿಜ ಹೇಳಿದಳಂತೆ. ಅವರು, "ಆದ್ರೂ ಮೊದಲಿನ ಎರಡು ನಿಂದೇ ತಾನೇ?" ಎಂದು ಕೇಳಿದರಂತೆ.

ಆಮೇಲೆ ಹತ್ತು ವರ್ಷ ಆ ಮನೆಯಲ್ಲಿ ಅಭ್ಯಾಸ ನಡೆಯಿತು. ನನ್ನ ಮದುವೆಯಾಯಿತು; ಹತ್ತಿರದಲ್ಲೇ, ಹೊಸೂರಿನಲ್ಲೇ. ಅವಳಿಗೆ ಮಗಳು ಹುಟ್ಟಿದಳು. ಒಂದೊಂದು ವರ್ಷ ನಾನು ಬಿಟ್ಟೆ, ಒಂದೊಂದು ವರ್ಷ ಅವಳು. ಆದರೆ ಪೂರ್ತಿ ಬಿಡಲಿಲ್ಲ. ಇದರಿಂದ ಏನು ಸಿಕ್ಕಿತು ಎಂದು ಕೇಳುವವರಿಗೆ ನಾನು ಕುತ್ತಿಗೆಯ ಮಾತು ಹೇಳುತ್ತೇನೆ, ಕಂಪನಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವುದನ್ನು ಹೇಳುತ್ತೇನೆ. ಕಾರ್ಖಾನೆಯ ಲೈನಿನಲ್ಲಿ ಮೇಲಿನವರು ಜೋರು ಮಾಡಿದಾಗ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಂತೆ ಮನಸ್ಸು ನಿಲ್ಲುತ್ತಿತ್ತು. ಅದನ್ನು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಅಪ್ಪನಿಗೂ ಅತ್ತಿಗೆ ಬೀಳುವುದನ್ನು ಕಲಿಸಿದಳು. ಅವನಿಗೆ ಆಗ ಅರವತ್ತೊಂಬತ್ತು. ಟಾರ್ಪಾಲಿನ ಮೇಲೆ ಕೂರಿಸಿ, ಕೂತಲ್ಲಿಂದಲೇ ಪಕ್ಕಕ್ಕೆ ಉರುಳುವುದು, ಗದ್ದ ಒಳಗೆ ತೆಗೆದುಕೊಳ್ಳುವುದು, ನೆಲದಿಂದ ಒಂದು ಮೊಣಕಾಲಿನ ಮೇಲೆ ಏಳುವುದು. "ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು," ಎಂದು ಗೊಣಗುತ್ತಲೇ ಮಾಡುತ್ತಿದ್ದ. ಒಂದು ದಿನ ಮೋಟಾರಿನ ಹತ್ತಿರ ಪಾಚಿಯ ಮೇಲೆ ಕಾಲು ಜಾರಿತು. ಅಂಗಿಯ ಒಂದು ಕಡೆಯೆಲ್ಲ ಕೆಸರು ಮಾಡಿಕೊಂಡು ಮನೆಗೆ ಬಂದು ಬಾಗಿಲಲ್ಲೇ ನಿಂತು ಕೂಗಿದ: "ಬಿದ್ದೆ ಕಣಮ್ಮಿ! ಸರಿಯಾಗಿ ಬಿದ್ದೆ!" ಅವನ ದನಿಯಲ್ಲಿದ್ದ ಸಂಭ್ರಮಕ್ಕೆ ಅಮ್ಮ ಬೈಯಲೋ ನಗಲೋ ತಿಳಿಯದೆ ನಿಂತಿದ್ದಳು. ಅಪ್ಪ ಈಗಿಲ್ಲ. ಆದರೆ ಅವನು ನೆನಪಾದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಆ ಕೆಸರಂಗಿ.

ಅತ್ತಿಗೆಯೇ ಒಮ್ಮೆ ಅತ್ತಿಬೆಲೆಗೆ ಹೋಗಿ ಲೈನಿಂಗ್ ಬಟ್ಟೆ ತರುವಾಗ, ಜೂಜುವಾಡಿಯ ಹತ್ತಿರ ರಸ್ತೆಯಲ್ಲಿ ಚೆಲ್ಲಿದ್ದ ಮರಳಿನ ಮೇಲೆ ಸ್ಕೂಟಿ ಜಾರಿತು. ಹಿಂದೆ ಲಾರಿಗಳು. ಅವಳು ಹೆಗಲ ಮೇಲಿಂದ ಉರುಳಿ ರಸ್ತೆಯಂಚಿಗೆ ಬಂದು ಎದ್ದು ನಿಂತಳು. ಅಂಗೈ ತರಚಿತ್ತು, ಅಷ್ಟೇ. ಪಕ್ಕದ ಪಂಕ್ಚರ್ ಅಂಗಡಿಯವನು ನೀರು ತಂದುಕೊಟ್ಟು, "ಏನಕ್ಕಾ, ಸರ್ಕಸ್‌ನಲ್ಲಿ ಇದ್ರಾ?" ಎಂದು ಕೇಳಿದನಂತೆ.

ಹುಳದ ಮನೆ ಈಗಿಲ್ಲ. ಊರು ಬೆಳೆದು ನಮ್ಮ ಹೊಲದವರೆಗೂ ಬಂತು. ಅಣ್ಣ ಅಲ್ಲಿ ಕಾರ್ಖಾನೆಯವರಿಗೆ ಬಾಡಿಗೆಗೆಂದು ಕೋಣೆಗಳನ್ನು ಕಟ್ಟಿಸಿದ. ಹೆಂಚು ಇಳಿಸುವ ದಿನ ನಾವಿಬ್ಬರೂ ಹೋಗಿದ್ದೆವು. ಟಾರ್ಪಾಲು ಎತ್ತಿದರೆ ಕೆಳಗಿನ ಹೊಟ್ಟು ಗಟ್ಟಿಯಾಗಿ ನಾವು ಬಿದ್ದು ಬಿದ್ದು ಆದ ಹಳ್ಳಗಳು ಕಂಡವು. ಅತ್ತಿಗೆ ಬಗ್ಗಿ ಒಂದು ಹಿಡಿ ಹೊಟ್ಟನ್ನು ಕೈಗೆ ತೆಗೆದುಕೊಂಡು ನೋಡಿ ಅಲ್ಲೇ ಬಿಟ್ಟಳು. ಈಗ ಅವಳು ಶನಿವಾರ ಶಾಲೆಯೊಂದರ ಹಾಲಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ಶಿಫ್ಟು ಇಲ್ಲದಿದ್ದರೆ ನಾನೂ ಹೋಗುತ್ತೇನೆ. ಮೊದಲ ಒಂದೂವರೆ ತಿಂಗಳು ಅವಳೂ ಬರೀ ಬೀಳಿಸುತ್ತಾಳೆ.

ಮಾಸ್ಟ್ರು ಮಗಳ ಮನೆಗೆಂದು ಕೃಷ್ಣಗಿರಿಗೆ ಹೋಗಿ ಕೆಲವು ವರ್ಷವಾಯಿತು. ಹೋದ ತಿಂಗಳು ನಾವಿಬ್ಬರೂ ನೋಡಲು ಹೋಗಿದ್ದೆವು. ಮಂಡಿ ಹಿಡಿದುಕೊಂಡಿದೆ, ಕೋಲು ಬಂದಿದೆ, ಬೆನ್ನು ಮಾತ್ರ ಹಾಗೇ ನೆಟ್ಟಗಿದೆ. ಚಹಾ ಕುಡಿದ ಮೇಲೆ ಜಗಲಿಯಲ್ಲಿ ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಚೂರಿಯ ಬದಲಿಗೆ ದಿನಪತ್ರಿಕೆಯನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. ಮೊಮ್ಮಕ್ಕಳು ಬಾಗಿಲಲ್ಲಿ ಗುಂಪುಗೂಡಿದರು. ನಾನು ನುಗ್ಗಿದೆ. ಅತ್ತಿಗೆ ಸರಿದು ನನ್ನ ತೋಳನ್ನು ಹಿಡಿದಳು. ಸಿಮೆಂಟಿನ ನೆಲವಾದ್ದರಿಂದ ಬೀಳಿಸದೆ ಅಲ್ಲೇ ನಿಲ್ಲಿಸಿದಳು. ಮಾಸ್ಟ್ರು ಕಣ್ಣು ಕಿರಿದು ಮಾಡಿ ನಮ್ಮ ಕಾಲುಗಳನ್ನೇ ನೋಡಿದರು.

"ನಿಜ," ಎಂದರು. ಅಷ್ಟೇ. ಎದ್ದು, ಕೋಲೂರಿಕೊಂಡು, ತಮ್ಮ ಲೋಟ ತೊಳೆಯಲು ಒಳಗೆ ಹೋದರು.

ಸಂಜೆ ಕೃಷ್ಣಗಿರಿ ಬಸ್ ಸ್ಟ್ಯಾಂಡಿನಲ್ಲಿ ಹೊಸೂರಿನ ಬಸ್ಸು ಆಗಷ್ಟೇ ಹೊರಟುಹೋಗಿತ್ತು. ಕಲ್ಲುಬೆಂಚಿನ ಮೇಲೆ ಕೂತು ಸೀಬೆಹಣ್ಣಿಗೆ ಉಪ್ಪುಖಾರ ಹಾಕಿಸಿಕೊಂಡು ತಿಂದೆವು. ಅತ್ತಿಗೆ ಎಡ ಮೊಣಕಾಲನ್ನು ಒತ್ತಿಕೊಳ್ಳುತ್ತಿದ್ದಳು.

"ನೋವಾ?" ಎಂದೆ.

"ಹೂಂ. ಜಗಲಿ ಮೇಲೆ ತಿರುಗಿದ್ನಲ್ಲ, ಹಿಡ್ಕೊಂತು. ನಿಂಗೆ?"

"ನಂಗೆ ಬಲಗಡೇದು."

"ಇಬ್ರುದೂ ಸೇರ್ಸಿದ್ರೆ ಒಬ್ಳು ಸರಿಯಾಗಿ ನಿಂತ್ಕೋಬೋದು ಬುಡು," ಎಂದಳು ಅವಳು. ಅಷ್ಟರಲ್ಲಿ ಮುಂದಿನ ಬಸ್ಸು ಬಂತು. ಜನ ನುಗ್ಗತೊಡಗಿದರು. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ಆ ಗುಂಪಿನಲ್ಲಿ ಯಾರಿಗೂ ತಗಲದೆ ಅತ್ತಿತ್ತ ಸರಿಯುತ್ತ ಒಳಗೆ ಹೋಗಿ ಎರಡು ಸೀಟು ಹಿಡಿದಳು.